ಟವೆಲ್ ಹಾಕಿದ ಸೀಟು

ನಾನು ಹುಟ್ಟು ಹೆದರುಪುಕ್ಕಲಿ. ಪರೀಕ್ಷೆಗೆ ಮೂರು ಪೆನ್ನು ಒಯ್ಯುವವಳು. ಮೂರೂ ಕೈಕೊಟ್ಟರೆ ಎಂದು ನಾಲ್ಕನೆಯದನ್ನೂ ಚೀಲಕ್ಕೆ ಹಾಕಿಕೊಳ್ಳುವವಳು. ಅಂಥವಳಿಗೆ ಆ ವರ್ಷ ಸಿಇಟಿ ರ‍್ಯಾಂಕ್ ಬಂತು, ಅದರ ಬೆನ್ನಿಗೇ ಎರಡು ಕಾಲೇಜುಗಳ ನಡುವಿನ ಜಗ್ಗಾಟವೂ ಬಂತು.

ಒಂದು, ಕಲಬುರಗಿಯದೇ ಇಂಜಿನಿಯರಿಂಗ್ ಕಾಲೇಜು. ಅಲ್ಲಿನ ಗಾಜಿಪುರ ಬಡಾವಣೆಯಲ್ಲಿ ಅತ್ತೆಯ ಮನೆಯಿತ್ತು, ಪಿಯುಸಿ ಓದಿದ್ದೂ ಅಲ್ಲಿಂದಲೇ. ಫೀಸು ಕಡಿಮೆ, ಊಟ ಅತ್ತೆಯದು, ಶನಿವಾರ ಬಸ್ಸು ಹತ್ತಿದರೆ ಕಮಲಾಪುರದ ನಮ್ಮ ಮನೆ. ಇನ್ನೊಂದು ಮೈಸೂರಿನದು. ಹೆಸರು ಕೇಳಿದರೆ ಜನ ಎದ್ದು ಕೂರುವಂಥ ಕಾಲೇಜು. ಖರ್ಚು ಕೇಳಿದರೂ ಎದ್ದು ಕೂರುತ್ತಿದ್ದರು. ಹಾಸ್ಟೆಲು, ಮೆಸ್ಸು, ರಾತ್ರಿಯೆಲ್ಲ ಓಡುವ ರೈಲು. ನನಗೆ ಬೇಕಿದ್ದದ್ದು ಮೈಸೂರೇ. ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ, ಅಷ್ಟೆ.

ಅತ್ತೆಗೆ ಮಾತ್ರ ವಾಸನೆ ಹತ್ತಿತ್ತು. ರೊಟ್ಟಿ ಬಡಿಯುತ್ತಲೇ ಚುಚ್ಚುತ್ತಿದ್ದಳು. “ಹೆಸರು ನೆಕ್ಕಿದ್ರ ಹೊಟ್ಟಿ ತುಂಬತದೇನ? ನನ್ನ ರೊಟ್ಟಿ ಬ್ಯಾಸರಾಗ್ಯಾವ ಅಂತ ಸೀದಾ ಹೇಳಬಾರದಾ?”

ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಎಂದು ಕಂಪ್ಯೂಟರಿನಲ್ಲಿ ಸಾಲಾಗಿ ತುಂಬಬೇಕಿತ್ತು. ಅದಕ್ಕೆಂದೇ ಅಪ್ಪ ತೋಟ ಬಿಟ್ಟು ಕಲಬುರಗಿಗೆ ಬಂದ. ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವವನು ಅವನು. ಬಸ್ಸಿನ ವಿಷಯದಲ್ಲಿ ಅವನದೊಂದು ಹೆಮ್ಮೆಯಿತ್ತು. ಬೀದರ್ ಕಡೆಯ ಬಸ್ಸುಗಳು ನಮ್ಮೂರಿಗೆ ಬರುವಾಗಲೇ ತುಂಬಿರುತ್ತವೆ. ಅಪ್ಪ ಬಸ್ಸು ನಿಲ್ಲುವ ಮೊದಲೇ ಓಡಿ, ಕಿಟಕಿಯಲ್ಲಿ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದ. ಜೀವಮಾನದಲ್ಲಿ ಒಮ್ಮೆಯೂ ನಿಂತು ಪ್ರಯಾಣ ಮಾಡಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಕಾಲೇಜಿನ ಸೀಟಿಗೂ ಅದೇ ಲೆಕ್ಕ ಹಾಕಿದ.

“ಮೊದ್ಲ ಸಿಗೋ ಸೀಟಿಗಿ ಟವೆಲ್ ಒಗಿಬೇಕವ್ವ. ಆಮ್ಯಾಲ ಕಿಟಕಿ ಬಾಜೂದು ಹುಡುಕು. ಇಲ್ಲೀದು ಒಂದನೇದು ಬರಿ, ಮೈಸೂರು ಎರಡನೇದು. ಎರಡೂ ಸಿಕ್ಕರ ಕುಂತು ಖರ್ಚಿನ ವಿಚಾರ ಮಾಡೋಣು.”

ನನಗೂ ಅದು ಸರಿಯೆನಿಸಿತು. ನಾಲ್ಕು ಪೆನ್ನಿನವಳಿಗೆ ಸರಿಯೆನಿಸದೆ ಇರುತ್ತದೆಯೇ? ಹಾಗೇ ತುಂಬಿದೆ. ನಿಜವಾದ ಹಂಚಿಕೆಗೆ ಮುಂಚೆ ತಾಲೀಮಿನಂತೆ ಒಂದು ಹಂಚಿಕೆ ಮಾಡಿ ತೋರಿಸುತ್ತಾರೆ. ಅದರಲ್ಲಿ ನನಗೆ ಕಲಬುರಗಿ ಬಂತು. “ನೋಡು, ಟವೆಲ್ ಬಿತ್ತು!” ಎಂದು ಅಪ್ಪ ಫೋನಿನಲ್ಲಿ ಕೂಗಿದ. ಅಕ್ಕಪಕ್ಕದ ತೋಟದವರಿಗೂ ಹೇಳಿಕೊಂಡು ಬಂದನಂತೆ.

ಅದರ ಪ್ರಿಂಟ್ ತೆಗೆಸಲು ಮರುದಿನ ರೋಜಾ ಬಡಾವಣೆಯ ಹತ್ತಿರದ ನೆಟ್ ಸೆಂಟರಿಗೆ ಹೋದೆ. ಬಿಳಿಗಡ್ಡದ ಮಾಲೀಕರು ಕಾಗದ ಕೊಡುವಾಗ ಕನ್ನಡಕ ಮೇಲೇರಿಸಿ ಓದಿದರು.

“ಮೈಸೂರು ಬ್ಯಾಡೇನು ಬೇಟಿ?”

“ಬೇಕ್ರಿ. ಎರಡನೇದಕ್ಕ ಹಾಕೀನಲ್ರೀ.”

“ಯಾ ಅಲ್ಲಾ! ಮಷೀನು ಮ್ಯಾಲಿಂದ ಕೆಳಗ ನೋಡ್ತದ. ಒಂದನೇದು ಸಿಕ್ಕಿತಂದ್ರ ಅಲ್ಲೇ ಖತಂ, ಎರಡನೇದರ ಕಡೆ ಹೊಳ್ಳಿ ಸುದ್ದಾ ನೋಡಂಗಿಲ್ಲ. ಮೈಸೂರು ಮ್ಯಾಲ ಹಾಕು. ಅದು ಸಿಗಲಿಲ್ಲಂದ್ರ ಇಲ್ಲೀದು ಹೆಂಗೂ ಅದ. ಬದಲಿ ಮಾಡಾಕ ಇವತ್ತ ಸಂಜಿ ತನಕ ಟೈಮ್ ಅದ.”

ಕಾಗದವನ್ನು ಮತ್ತೊಮ್ಮೆ ಓದಿದೆ. ಸಿಗುವುದು ಒಂದೇ ಸೀಟು. ಮೈಸೂರು ಮೇಲಿಟ್ಟು ಅದು ಸಿಕ್ಕರೆ ಕಲಬುರಗಿಯದು ಹೋದಂತೆ. ಮೈಸೂರು ಬೇಡವೆಂದರೂ ಅದು ತಿರುಗಿ ಬರುವುದಿಲ್ಲ. ಅಪ್ಪ ಹೇಳಿದಂತೆ ಎರಡನ್ನೂ ಮುಂದಿಟ್ಟುಕೊಂಡು ಖರ್ಚು ತೂಗುವ ದಿನ ಬರುವುದೇ ಇಲ್ಲ. ಅವನಿಗೆ ಹೇಳಲೇಬೇಕಿತ್ತು. ಸಾಲು ಬದಲಿಸಲು ಬೇಕಾದ ಓಟಿಪಿ ಬರುವುದೂ ಅವನ ಫೋನಿಗೇ.

ಫೋನ್ ಮಾಡಿದೆ. ಅಪ್ಪ ತೋಟದಲ್ಲಿದ್ದ.

“ಅಪ್ಪಾ, ಒಂದು ನಂಬರ್ ಬಂದಿರ್ತದ, ಹೇಳು.”

“ಯಾಕವ್ವ, ಏನಾತು?”

“ಏನಿಲ್ಲ. ಎಲ್ಲಾ ಬರೋಬ್ಬರಿ ಅದನೋ ಇಲ್ಲೋ ನೋಡಾಕತ್ತೀನಿ.”

ಅವನು ಒಂದೊಂದು ಅಂಕಿಯನ್ನೂ ಎರಡೆರಡು ಸಲ ಓದಿದ. ತಪ್ಪಾಗಿ ಮಗಳಿಗೆ ತೊಂದರೆಯಾದೀತು ಎಂಬ ಅಂಜಿಕೆ ಅವನಿಗೆ. ನಾನು ಮೈಸೂರನ್ನು ಮೇಲಕ್ಕೆ ತಂದೆ. ನಿಜ ಹೇಳಿದ್ದರೆ “ನೋಡೋಣು” ಎನ್ನುತ್ತಿದ್ದ. ನಮ್ಮ ಮನೆಯಲ್ಲಿ ನೋಡೋಣು ಎಂದರೆ ಇಲ್ಲ ಎಂದೇ ಅರ್ಥ. ಅವನ ಮೇಲೆ ಸಿಟ್ಟು ಬಂತು, ಆ ಹಾಳು ಟವೆಲ್ಲಿನ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ನನ್ನ ಬಗ್ಗೆಯೇ ನಾಚಿಕೆಯಾಯಿತು.

ಆಮೇಲಿನ ದಿನಗಳು ಹೇಗೆ ಹೋದವೋ ದೇವರೇ ಬಲ್ಲ. ಬೆಳಿಗ್ಗೆ ಮೈಸೂರು ಸಿಗಲಿ ಎನ್ನುತ್ತಿದ್ದೆ, ಸಂಜೆಗೆ ಸಿಗದಿದ್ದರೇ ಒಳ್ಳೆಯದು ಎನ್ನುತ್ತಿದ್ದೆ. ಸಿಗದಿದ್ದರೆ ಸುಳ್ಳು ಹೇಳಿದ್ದು ಯಾರಿಗೂ ತಿಳಿಯುವುದಿಲ್ಲವಲ್ಲ. “ದೆವ್ವ ಬಡದಂಗ ಯಾಕ ಕುಂತೀ?” ಎಂದು ಅತ್ತೆ ಕೇಳಿದಾಗ ತಲೆನೋವು ಎಂದೆ.

ಮೈಸೂರು ಸಿಕ್ಕಿತು. ಅಡುಗೆಮನೆಯಲ್ಲಿ ಎರಡು ಸಲ ಕುಣಿದೆ, ಅತ್ತೆಯನ್ನು ತಬ್ಬಿಕೊಂಡೆ. ಅಪ್ಪನಿಗೆ ಫೋನಿನಲ್ಲಿ ಅಷ್ಟನ್ನು ಮಾತ್ರ ಹೇಳಿ ಕಮಲಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿದೆ, ಕೆಡವಿದೆ.

ಅಪ್ಪ ಗೊನೆ ಬಿಟ್ಟ ಬಾಳೆಗೆ ಗಳ ಕೊಟ್ಟು ಕಟ್ಟುತ್ತಿದ್ದ. ನನ್ನನ್ನು ಕಂಡಿದ್ದೇ ಮುಖ ಅರಳಿತು.

“ಭಪ್ಪರೆ ಮಗಳ! ಈಗ ಎರಡೂ ಕೈಯಾಗ ಅವ. ಇನ್ನ ಆರಾಮ ಕುಂತು ವಿಚಾರ ಮಾಡೋಣು.”

“ಎರಡಿಲ್ಲಪ್ಪ. ಒಂದ ಅದ.”

ಜೋಡಿಸಿಕೊಂಡಿದ್ದ ಮಾತೊಂದೂ ನೆನಪಿಗೆ ಬರಲಿಲ್ಲ. ಅಳುತ್ತಲೇ ಎಲ್ಲ ಹೇಳಿದೆ: ನೆಟ್ ಸೆಂಟರ್, ಸಾಲು ಬದಲಿಸಿದ್ದು, ಕಲಬುರಗಿಯದು ಇನ್ನು ಬಾರದಿರುವುದು. ಅಪ್ಪನ ಕೈ ಹಗ್ಗದ ಮೇಲೆಯೇ ನಿಂತಿತು.

“ನಂಬರ್ ಹೇಳು ಅಂದಿ,” ಎಂದ. “ಮಗಳು ಕೇಳ್ಯಾಳ ಅಂತ ಹೇಳ್ದೆ.”

ಬೈದಿದ್ದರೆ ಸಹಿಸಬಹುದಿತ್ತು. ಅವನು ಹಗ್ಗ ಬಿಗಿದ, ಪಕ್ಕದ ಗಿಡಕ್ಕೆ ಹೋದ, ಅದಕ್ಕೂ ಗಳ ಕೊಟ್ಟ. ನಾನು ಚಪ್ಪಲಿ ನೋಡುತ್ತಾ ನಿಂತಿದ್ದೆ. ಮೂರನೆಯ ಗಿಡದ ಹತ್ತಿರ ಹೋಗಿ ತಿರುಗಿದ.

“ಹಂಗಾರ ವಿಚಾರ ಮಾಡೋದು ಏನೂ ಉಳೀಲಿಲ್ಲ.”

“ಇಲ್ಲಪ್ಪ.”

“ಟವೆಲ್ ಎಲ್ಲೂ ಇಲ್ಲ.”

“ಇಲ್ಲ.”

ಹೆಗಲ ಮೇಲಿದ್ದುದನ್ನು ತೆಗೆದು ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

“ಇರ್ಲಿ ಬಿಡು. ನಿಂತು ಹೋಗೋರೂ ಊರು ಮುಟ್ಟತಾರ,” ಎಂದ. “ನನಗ ರೂಢಿ ಇಲ್ಲ, ಅಷ್ಟ.”