ಗಂಜಿಯ ಕೈ

ಹಾಲಿನವನು ಹಾಲು ಅಳೆದು ಹಾಕುವಾಗ ಅತ್ತೆಯ ಕಣ್ಣು ಹಾಲಿನ ಮೇಲೆ ಇರುತ್ತಿರಲಿಲ್ಲ, ಅವನ ಹೆಬ್ಬೆರಳಿನ ಮೇಲೆ ಇರುತ್ತಿತ್ತು. ಹೆಬ್ಬೆರಳು ಅಳತೆಯ ಪಾತ್ರೆಯೊಳಗೆ ಎಷ್ಟು ಮುಳುಗಿತೋ ಅಷ್ಟು ಹಾಲು ತನಗೆ ಖೋತಾ ಎಂಬುದು ಆಕೆಯ ಲೆಕ್ಕ. ಪಕ್ಕದ ಮನೆಯಾಕೆ ಊಟ ಆಯಿತಾ ಎಂದು ಕೇಳಿದರೂ ‘ಇವಳಿಗೀಗ ಏನು ಬೇಕಾಗಿದೆ’ ಎಂದು ಅರ್ಧ ದಿನ ತಲೆ ಕೆಡಿಸಿಕೊಳ್ಳುವ ಹೆಂಗಸು. ಆಕೆಯ ಗಂಡ ತಮಾಷೆಯ ಮನುಷ್ಯ. ‘ನಾನು ಸತ್ತರೂ ಇವಳು ಮೂಗಿನ ಹತ್ತಿರ ಕೈ ಹಿಡಿದು ನೋಡಿಯೇ ಅಳೋದು’ ಎನ್ನುತ್ತಿದ್ದ. ಅವನು ಹೋದ ದಿನ ಆಕೆ ಹಾಗೆಯೇ ಮಾಡಿದಳು, ಆಮೇಲೆ ಎಲ್ಲರಿಗಿಂತ ಹೆಚ್ಚು ಅತ್ತಳು.

ಹೊಟ್ಟೆಪಾಡಿಗೆ ಆಕೆ ನಿಂತದ್ದು ಬಟ್ಟೆ ಒಗೆಯುವ ಕಾರ್ಖಾನೆಯ ಇಸ್ತ್ರಿ ಮೇಜಿನ ಮುಂದೆ. ಆಸ್ಪತ್ರೆಯ ಬೆಡ್‌ಶೀಟು, ಹೋಟೆಲಿನ ಮೇಜುಬಟ್ಟೆ, ಎಲ್ಲ ಅಲ್ಲಿಗೇ ಬರುತ್ತಿತ್ತು. ಒಂದು ಕೊನೆಯಲ್ಲಿ ಬಾಯ್ಲರ್ ಮನೆ, ಅದಕ್ಕೆ ಅಂಟಿಕೊಂಡ ಹಾಗೆ ಒಣಗಿಸುವ ಕೋಣೆ, ಆಮೇಲೆ ಗಂಜಿ ತೊಟ್ಟಿ, ಕೊನೆಗೆ ಇಸ್ತ್ರಿ. ಒಣಗಿಸುವ ಕೋಣೆಯಲ್ಲಿ ಸಾಲು ಸಾಲು ಹಗ್ಗ. ಬೆಡ್‌ಶೀಟು ತೂಗುಬಿಟ್ಟರೆ ಬಿಳಿಯ ಗೋಡೆಗಳ ಸಂದಿಗೊಂದಿಯಾಗಿಬಿಡುತ್ತಿತ್ತು. ಒಂದು ಗಳಿಗೆ ನಿಂತರೆ ಪಕ್ಕದ ಸಾಲಿನಲ್ಲಿ ಯಾರಿದ್ದಾರೆ ಎಂದು ದೇವರಿಗೂ ಗೊತ್ತಾಗುತ್ತಿರಲಿಲ್ಲ.

ಆ ಕಾರ್ಖಾನೆಗೊಂದು ಪದ್ಧತಿ. ಇಸ್ತ್ರಿ ಮಾಡುವಾಗ ಯಾರಾದರೂ ಬಟ್ಟೆ ಸುಟ್ಟರೆ ಸಂಜೆ ಕೆಲಸ ಬಿಡುವ ಹೊತ್ತಿಗೆ ಅದನ್ನು ಹೊರಬಾಗಿಲಿನ ಹಗ್ಗಕ್ಕೆ ತಾವೇ ನೇತುಹಾಕಿ, ಪಕ್ಕದಲ್ಲಿ ನಿಲ್ಲಬೇಕು. ಎಲ್ಲರೂ ಎದುರಿಗೇ ಹಾದು ಮನೆಗೆ ಹೋದ ಮೇಲೆ ತೆಗೆಯಬೇಕು. ಬೈಗುಳವಿಲ್ಲ, ದಂಡವಿಲ್ಲ, ನಿಲ್ಲುವುದಷ್ಟೇ. ಆದರೆ ಗಟ್ಟಿ ಎದೆಯವರೂ ಅಲ್ಲಿ ನಿಂತು ಅತ್ತದ್ದುಂಟು. ಕೂದಲು ಹಣ್ಣಾಗುವವರೆಗೂ ಇಸ್ತ್ರಿ ಪೆಟ್ಟಿಗೆ ಹಿಡಿದ ಅತ್ತೆ ಒಮ್ಮೆಯೂ ಅಲ್ಲಿ ನಿಂತಿರಲಿಲ್ಲ. ಈ ಮಾತನ್ನು ಕೇಳಿದವರಿಗೂ ಕೇಳದವರಿಗೂ ಆಕೆ ಹೇಳುತ್ತಿದ್ದಳು.

ಅತ್ತೆ ಎಂದು ಎಲ್ಲರೂ ಕರೆಯುತ್ತಿದ್ದರೂ ಆಕೆ ನಿಜವಾಗಿ ಅತ್ತೆ ಒಬ್ಬನಿಗೇ. ಅವನು ಗಂಜಿ ತೊಟ್ಟಿಯಲ್ಲಿ ಕೆಲಸ ಮಾಡುವ ಅಳಿಯ. ಮಗಳಿಗೆ ಅವನನ್ನು ಗೊತ್ತು ಮಾಡುವ ಮೊದಲು ಅತ್ತೆ ಮಾಡಿದ ತನಿಖೆಯನ್ನು ಪೊಲೀಸರೂ ಮಾಡಿರಲಾರರು. ಅವನ ಬೀದಿಯ ಕ್ಷೌರಿಕನನ್ನು ಕೇಳಿದಳು, ಅವನು ಚಹಾ ಕುಡಿಯುವ ಅಂಗಡಿಯ ಎದುರು ಕೂತು ಕಾದಳು, ಒಗೆಯಲು ಬಂದ ಅವನ ಅಂಗಿಯ ಜೇಬು ತಡಕಿ ಕಾಲರನ್ನು ಮೂಸಿದಳು. ಸಾರಾಯಿಯಿಲ್ಲ, ಬೀಡಿಯಿಲ್ಲ, ಸಾಲವಿಲ್ಲ. ‘ಹಿಂದು ಮುಂದು ತಿರುಗಿಸಿ ನೋಡಿದೀನಿ, ಒಂದು ಕಲೆ ಇಲ್ಲ’ ಎಂದು ಮದುವೆ ಮಾಡಿಕೊಟ್ಟಳು, ತನ್ನ ಕೈಯಾರೆ ಚೌಕ ಮುಖದ ಉಂಗುರ ತೊಡಿಸಿದಳು, ಯಜಮಾನರ ಕಾಲಿಗೆ ಬಿದ್ದು ಕೆಲಸವನ್ನೂ ಕೊಡಿಸಿದಳು. ಅತ್ತೆಯ ಕೈ ಅಡುಗೆ ತಿಂದು ಅಳಿಯ ಎಷ್ಟು ತುಂಬಿಕೊಂಡನೆಂದರೆ ಉಂಗುರ ಅಂಗೈ ಕಡೆಗೆ ಮುಖ ತಿರುಗಿಕೊಂಡ ಹಾಗೇ ಬೆರಳಿನಲ್ಲಿ ಕೂತುಬಿಟ್ಟಿತು. ಗಂಜಿಯಲ್ಲಿ ಹಾಳಾಗುತ್ತದೆಂದು ಅತ್ತೆ ಸೋಪು ಹಚ್ಚಿ ಎಳೆದರೂ ಬರಲಿಲ್ಲ. ಲೋಕದಲ್ಲಿ ಅತ್ತೆ ಅನುಮಾನ ಪಡದ ಪ್ರಾಣಿ ಇದೊಂದೇ.

ಇಂಥಲ್ಲಿಗೆ ಒಬ್ಬ ಹೊಸ ಹುಡುಗಿ ಬಂದಳು. ಒಣಗಿಸುವ ಕೋಣೆಯಲ್ಲಿ ಬಿಳಿ ಮೇಲಂಗಿ ತೊಟ್ಟು ಬಟ್ಟೆ ಹರವುವ ಕೆಲಸ. ಮಾತು ಕಡಿಮೆ. ಮಾತು ಕಡಿಮೆಯಾದವರ ಮೇಲೆ ಅತ್ತೆಗೆ ಒಂದು ಗುಂಜಿ ಹೆಚ್ಚೇ ಅನುಮಾನ. ಒಂದು ಬೆಳಿಗ್ಗೆ ಆ ಹುಡುಗಿ ಕೋಣೆಯಿಂದ ಓಡಿ ಬಂದು ಇಸ್ತ್ರಿ ಮೇಜಿನ ಕಾಲು ಹಿಡಿದು ಕೂತುಬಿಟ್ಟಳು. ಬಟ್ಟೆ ಮಡಿಸುವ ಅಕ್ಕ ನೀರು ಕುಡಿಸಿದ ಮೇಲೆ ಬಾಯಿ ಬಂತು.

“ಬೆಡ್‌ಶೀಟ್ ಸಂದಿಯಿಂದ ಕೈ ಬಂತು. ಎದೆಗೆ ಕೈ ಹಾಕಿ ಹಿಂಡಿದ. ಮುಖ ಕಾಣ್ಲಿಲ್ಲ. ಕೈ ತಣ್ಣಗಿತ್ತು.”

“ಹೆದ್ರಿಕೇಲಿ ಎಲ್ಲಾ ತಣ್ಣಗೇ ಅನ್ಸುತ್ತೆ ಬಿಡು,” ಎಂದಳು ಅತ್ತೆ. “ಬಾಯ್ಲರ್ ಮನೆ ಬಾಗಿಲು ಆ ಕೋಣೆಗೇ ತಾನೇ ತೆರ್ಕೊಳ್ಳೋದು?”

ಅಲ್ಲಿಗೆ ಮುಗಿಯಿತು. ಬಾಯ್ಲರಿಗೆ ಇದ್ದಿಲು ಹಾಕುವ ಬಾಯ್ಲರಣ್ಣ ಎಂಬವನು ಅಂಥ ಮಾತಿಗೆ ಹೇಳಿ ಮಾಡಿಸಿದ ಹಾಗಿದ್ದ. ಮೈಯೆಲ್ಲ ಇದ್ದಿಲ ಮಸಿ, ಕೆಂಪು ಕಣ್ಣು, ಕುರುಚಲು ಗಡ್ಡ, ಬಾಯಿ ತೆಗೆದರೆ ಪೋಲಿ ಹಾಡು. ಹೆಂಗಸರನ್ನು ಕಂಡರೆ ‘ಏನ್ ರಾಣಿಯವ್ರೇ, ಉಗಿ ಸಾಕಾ, ಇನ್ನೊಂಚೂರು ಬಿಡ್ಲಾ’ ಎಂದು ಕೂಗುತ್ತಿದ್ದ. ಇಷ್ಟು ದಿನ ಅದಕ್ಕೆ ನಕ್ಕವರೆಲ್ಲ ಈಗ ಅದನ್ನೇ ನೆನೆದು ಮೂಗು ಮುರಿದರು. ತನಗೆ ಮೊದಲಿನಿಂದಲೂ ಅನುಮಾನವಿತ್ತು ಎಂದಳು ಅತ್ತೆ. ಅದು ಸುಳ್ಳಲ್ಲ. ಆಕೆಗೆ ಎಲ್ಲರ ಮೇಲೂ ಮೊದಲಿನಿಂದಲೇ ಅನುಮಾನವಿತ್ತು.

ಚಹಾ ಹೊತ್ತಿಗೆ ಶಿಕ್ಷೆಯ ಮಾತು ಶುರುವಾಯಿತು. ಒಬ್ಬಳು ಚಪ್ಪಲಿ ಏಟು ಎಂದಳು. ಇನ್ನೊಬ್ಬಳು ಪೊಲೀಸರಿಗೆ ಹೇಳೋಣ ಎಂದಾಗ, ಅವರು ಹುಡುಗಿಯನ್ನೇ ನೂರು ಪ್ರಶ್ನೆ ಕೇಳುತ್ತಾರೆಂದು ಮತ್ತೊಬ್ಬಳು ಬಾಯಿ ಮುಚ್ಚಿಸಿದಳು. “ನಮ್ಮ ಕಾಲದಲ್ಲಿ ಒಂದು ಪಿನ್ನು ಚುಚ್ಚಿ ಸುಮ್ನಾಗ್ತಿದ್ವಿ, ಇಷ್ಟು ರಂಪ ಇರ್ಲಿಲ್ಲ,” ಎಂದಳು ಮಡಿಸುವ ಅಕ್ಕ. ‘ಇವಳೇಕೆ ಒಬ್ಬಳೇ ಒಳಗೆ ಹೋದಳು’ ಎಂದೂ ಯಾರೋ ಗೊಣಗಿದರು. ಎಲ್ಲರಿಗಿಂತ ಜೋರಾಗಿ ಮಾತಾಡಿದವನು ಅಳಿಯ.

“ಇಂಥೋರ ಕೈ ಕತ್ತರಿಸ್ಬೇಕು ಅತ್ತೆ. ನಮಗೂ ಮನೇಲಿ ಹೆಣ್ಣು ಮಕ್ಕಳಿದ್ದಾರೆ.”

ಅತ್ತೆಯ ಎದೆ ಉಬ್ಬಿತು. ನೋಡಿ ನನ್ನ ಆಯ್ಕೆ ಎನ್ನುವ ಹಾಗೆ ಸುತ್ತ ನೋಡಿದಳು. ಆಮೇಲೆ ತೀರ್ಪು ಕೊಟ್ಟಳು: “ಬಟ್ಟೆ ಸುಟ್ಟೋರನ್ನ ಬಾಗಿಲಲ್ಲಿ ನಿಲ್ಲಿಸ್ತೀವಿ. ಹೆಣ್ಣಿನ ಮೈ ಮುಟ್ಟಿದವನನ್ನ ನಿಲ್ಲಿಸ್ಬಾರ್ದಾ? ಅವನ ಹೆಂಡ್ತಿ ಮಕ್ಕಳು ಬಂದು ನೋಡ್ಲಿ.”

ಯಜಮಾನರಿಗೆ ಇದು ಸಲೀಸಾಗಿ ಕಂಡಿತು. ಪೊಲೀಸರಿಲ್ಲ, ಕಾಗದವಿಲ್ಲ, ಕಾರ್ಖಾನೆಯ ಹೆಸರು ಕೆಡುವುದಿಲ್ಲ. ಸಂಜೆ ಬಾಯ್ಲರಣ್ಣನನ್ನು ಬಾಗಿಲಲ್ಲಿ ನಿಲ್ಲಿಸಿದರು. ಅವನು ಬಾಯಿ ಬಿಡಲಿಲ್ಲ. ಎರಡೂ ಕೈಗಳನ್ನು ಮುಂದೆ ಚಾಚಿ, ಅಂಗೈ ಮೇಲೆ ಮಾಡಿ, ಹಾದು ಹೋದವರಿಗೆಲ್ಲ ತೋರಿಸುತ್ತ ನಿಂತಿದ್ದ. ಕ್ಷಮೆ ಬೇಡುತ್ತಿದ್ದಾನೆ ಎಂದುಕೊಂಡರು ಎಲ್ಲರೂ. ಅವನ ಹೆಂಡತಿ ಬೀದಿಯ ಆಚೆ ನಿಂತು ನೋಡಿ, ಮಗುವಿನ ಮುಖವನ್ನು ಸೆರಗಿನಿಂದ ಮುಚ್ಚಿ ಕರೆದುಕೊಂಡು ಹೋದಳು. ಮಾರನೆಯ ದಿನದಿಂದ ಬಾಯ್ಲರಿಗೆ ಬೇರೆಯವನು ಬಂದ.

ಹುಡುಗಿ ಮಾತ್ರ ನೆಟ್ಟಗಾಗಲಿಲ್ಲ. ಯಾರ ಜೊತೆಗೂ ಕೂತು ಉಣ್ಣುತ್ತಿರಲಿಲ್ಲ. ನ್ಯಾಯ ಸಿಕ್ಕ ಮೇಲೂ ಇದೆಂಥ ಮುಖ ಎಂದು ಅತ್ತೆಗೆ ಕಸಿವಿಸಿ. ಸುಳ್ಳು ಹೇಳಿದಳೋ ಏನೋ, ಬಾಯ್ಲರಣ್ಣನ ಜೊತೆ ಹಳೆಯ ಲೆಕ್ಕವೇನಾದರೂ ಇತ್ತೋ ಏನೋ ಎಂದು ಒಳಗೊಳಗೇ ಹುಳ ಕೊರೆಯತೊಡಗಿತು. ಬರುವಾಗ ಹೋಗುವಾಗ ಅವಳ ಮೇಲೆ ಒಂದು ಕಣ್ಣಿಟ್ಟಳು.

ಕೆಲವು ದಿನ ಕಳೆದಿರಬಹುದು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅತ್ತೆ ಒಬ್ಬಳೇ ಪೆಟ್ಟಿಗೆ ಕಾಯಿಸುತ್ತಿದ್ದಳು. ಹುಡುಗಿ ಬಂದು ಒಂದು ಆಸ್ಪತ್ರೆಯ ಬೆಡ್‌ಶೀಟನ್ನು ಮೇಜಿನ ಮೇಲಿಟ್ಟಳು.

“ಅತ್ತೆ, ಇದನ್ನ ನೀವೇ ಇಸ್ತ್ರಿ ಮಾಡಿ. ನನ್ನ ಮುಂದೇನೇ ಮಾಡಿ.”

“ಯಾಕೆ? ಇದಕ್ಕೇನು ಕೊಂಬು ಬಂದಿದೆಯಾ?”

“ಬೆಳಿಗ್ಗೆ ಮತ್ತೆ ಬಂದಿದ್ದ. ಈ ಸಲ ಒಣಗಿದ್ದ ಬೆಡ್‌ಶೀಟ್ ಮೇಲಿಂದಾನೇ ಹಸಿ ಕೈ ಹಾಕ್ದ. ನಾನು ಇದನ್ನ ಬಿಡ್ಲೇ ಇಲ್ಲ.”

ಬಾಯ್ಲರಣ್ಣ ಹೋದ ಮೇಲೂ ಮತ್ತೆ ಬಂದನೇ? ಈಗ ಯಾರ ಹೆಸರು ಹೇಳಲಿದ್ದಾಳೋ ಎಂದುಕೊಂಡೇ ಅತ್ತೆ ಬಟ್ಟೆ ಬಿಡಿಸಿದಳು. ಬಿಳೀ ಹಾಳೆಯ ಹಾಗಿತ್ತು, ಒಂದು ಕಲೆಯಿಲ್ಲ. ಪೆಟ್ಟಿಗೆ ಒತ್ತಿದಳು. ನಡುಮಧ್ಯದಲ್ಲಿ ಪೆಟ್ಟಿಗೆ ಸ್ವಲ್ಪ ಹಿಡಿದುಕೊಂಡಿತು. ಎತ್ತಿದಳು. ಬಟ್ಟೆಯ ಮೇಲೆ ಮಿರುಗುವ ಬೆರಳುಗಳು ಮೂಡಿದ್ದವು.

ಆಸ್ಪತ್ರೆಯ ಬೆಡ್‌ಶೀಟಿಗೆ ಗಂಜಿ ಹಾಕುವುದಿಲ್ಲ, ರೋಗಿಗಳ ಮೈ ಉಜ್ಜುತ್ತದೆ. ಗಂಜಿ ಹೋಟೆಲಿನ ಬಟ್ಟೆಗೆ ಮಾತ್ರ. ಗಂಜಿ ಒಣಗಿದರೆ ಕಣ್ಣಿಗೆ ಕಾಣುವುದಿಲ್ಲ. ಬಿಸಿ ತಾಗಿದರೆ ಬಟ್ಟೆಗಿಂತ ಮೊದಲು ಮಿರುಗುತ್ತದೆ, ಇನ್ನೂ ಒತ್ತಿದರೆ ಬಟ್ಟೆಗಿಂತ ಮೊದಲು ಕೆಂಪಾಗುತ್ತದೆ. ತೊಟ್ಟಿಯಲ್ಲಿ ಅದ್ದಿದ ಹಸಿ ಕೈ ಒತ್ತಿದ ಗುರುತು ಅದು. ಒಂದು ಬೆರಳಿನ ಬುಡದಲ್ಲಿ ಪುಟ್ಟ ಚೌಕ.

ಅತ್ತೆಯ ತಲೆ ತನ್ನ ಹಳೆಯ ಚಾಳಿಗೇ ಓಡಿತು: ಈ ಹುಡುಗಿಯೇ ಗಂಜಿ ಬಳಿದಿರಬಹುದು, ಯಾರೋ ಉಂಗುರ ಕದ್ದು ಹಾಕಿಕೊಂಡಿರಬಹುದು. ಆದರೆ ಬೆರಳಿನಿಂದ ಬಾರದ ಉಂಗುರವನ್ನು ಯಾರು ಕದಿಯುತ್ತಾರೆ? ಸೋಪು ಹಚ್ಚಿ ಎಳೆದವಳು ತಾನೇ. ಜೀವಮಾನವಿಡೀ ಊರಿನವರ ಮೇಲೆಲ್ಲ ಪಟ್ಟ ಅನುಮಾನ ಒಟ್ಟಾಗಿ ಬಂದು ಆ ಚೌಕದ ಮೇಲೆ ಕೂತಿತು.

ಆಗ ಬಾಯ್ಲರಣ್ಣನ ಕೈ ನೆನಪಾಯಿತು. ಚಾಚಿದ ಎರಡು ಕೈ, ತೊಳೆದರೂ ಹೋಗದ ಮಸಿ. ಅವನು ಕ್ಷಮೆ ಕೇಳಿರಲಿಲ್ಲ, ತೋರಿಸಿದ್ದ. ಆ ಕೈ ಮುಟ್ಟಿದ್ದರೆ ಹುಡುಗಿಯ ಬಿಳಿ ಮೇಲಂಗಿಯ ಮೇಲೆ ಮಸಿ ಮೆತ್ತಿರಬೇಕಿತ್ತು. ಅವತ್ತು ಮೇಲಂಗಿ ಸ್ವಚ್ಛವಾಗಿತ್ತು. ಬೆಂಕಿಯ ಮುಂದೆ ನಿಂತವನ ಕೈ ತಣ್ಣಗಿರುವುದಾದರೂ ಹೇಗೆ? ದಿನ ಬೆಳಗಾದರೆ ಕೊಳೆ ಹುಡುಕುವ ಜನ ಅವರು. ಕೊಳೆಯಾಗಿ ಕಂಡವನನ್ನೇ ಹಿಡಿದಿದ್ದರು.

“ಅವತ್ತೇ ಯಾಕೆ ಹೇಳ್ಲಿಲ್ಲ ನೀನು, ಬಾಯ್ಲರಣ್ಣ ಅಲ್ಲ ಅಂತ?” ಅತ್ತೆಗೆ ತನ್ನ ದನಿಯೇ ಪರಕೀಯವಾಗಿ ಕೇಳಿಸಿತು.

“ಬಾಯ್ಲರಣ್ಣ ಅಂತ ನಾನು ಹೇಳೇ ಇರ್ಲಿಲ್ಲ ಅತ್ತೆ. ನೀವು ಹೇಳಿದ್ದು. ತಣ್ಣಗಿತ್ತು ಅಂದ್ರೆ ಯಾರೂ ಕೇಳ್ಲಿಲ್ಲ.”

ಪಕ್ಕದಲ್ಲೇ ನೀರಿನ ತೊಟ್ಟಿ. ಒಂದು ಸಲ ಅದ್ದಿ ಹಿಂಡಿದರೆ ಗುರುತೇ ಇಲ್ಲ. ಮನೆಯಲ್ಲಿ ಮಗಳು ಎರಡನೆಯ ಬಸುರಿ. ದಿನಾ ಸಂಜೆ ಮೊದಲ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಾಳೆ, ಗಂಡನನ್ನೂ ತಾಯಿಯನ್ನೂ ಕರೆದೊಯ್ಯಲು. ಅತ್ತೆ ತೊಟ್ಟಿ ನೋಡಿದಳು, ಹುಡುಗಿಯನ್ನು ನೋಡಿದಳು. ಹುಡುಗಿ ಬೇಡವೆನ್ನಲಿಲ್ಲ, ಅಳಲಿಲ್ಲ. ಇವರೂ ಇಷ್ಟೇ ಎಂಬ ಮುಖ ಮಾಡಿ ನಿಂತಿದ್ದಳು. ತಾನು ಎಲ್ಲರನ್ನೂ ನೋಡುತ್ತಿದ್ದದ್ದು ಇದೇ ಕಣ್ಣಿನಲ್ಲಿ ಎಂದು ಅತ್ತೆಗೆ ಹೊಳೆಯಿತು, ತಡೆಯಲಾರದಷ್ಟು ನೋವಾಯಿತು.

ಪೆಟ್ಟಿಗೆಯನ್ನು ಆ ಕೈಯ ಮೇಲಿಟ್ಟು ಒತ್ತಿದಳು. ಹೊಗೆ ಬಂತು. ಸುಟ್ಟ ವಾಸನೆ ಮೂಗಿಗೆ ಅಡರಿತು. ಎತ್ತಿದಾಗ ಐದು ಬೆರಳು ಕಂದು ಬಣ್ಣಕ್ಕೆ ತಿರುಗಿದ್ದವು, ಚೌಕವೂ ಸೇರಿ. ಇನ್ನು ಯಾವ ನೀರಿಗೂ ಹೋಗುವಂತಿರಲಿಲ್ಲ.

ಸಂಜೆ ಬಾಗಿಲ ಹಗ್ಗಕ್ಕೆ ಬೆಡ್‌ಶೀಟು ನೇತುಹಾಕಿ ಅತ್ತೆ ಪಕ್ಕದಲ್ಲಿ ನಿಂತಳು. ಮೊದಲು ಬಂದವರು ನಕ್ಕರು. “ಅತ್ತೇನೂ ಸುಟ್ರಾ ಕೊನೆಗೆ!” ಆಮೇಲೆ ಬಟ್ಟೆಯ ಮೇಲಿನ ಕೈ ನೋಡಿದರು. ನಗು ನಿಂತಿತು. ಎಲ್ಲರೂ ಹೋಗುವವರೆಗೆ ನಿಲ್ಲಬೇಕೆಂಬುದು ಪದ್ಧತಿ. ಅವತ್ತು ಯಾರೂ ಹೋಗಲಿಲ್ಲ. ಯಜಮಾನರು ಬಂದು, “ಏನಮ್ಮ ಇದು, ಇಳಿಸು ಮೊದಲು,” ಎಂದರು.

“ಸುಟ್ಟಿದ್ದು ನಾನು, ನಿಲ್ತೀನಿ. ಬಾಯ್ಲರಣ್ಣನ್ನ ನಿಲ್ಸಿದ್ದೂ ನಾನೇ. ಅವನಿಗೆ ಹೇಳಿ ಕಳ್ಸಿ. ಅವನು ಬಂದು ನೋಡೋವರೆಗೂ ಇಳಿಸಲ್ಲ. ಆಮೇಲೆ ಈ ಬಟ್ಟೆ ತಗೊಂಡು ಹುಡುಗಿ ಪೊಲೀಸರ ಹತ್ರ ಹೋಗ್ತೀನಿ ಅಂದ್ರೆ ಜೊತೆಗೆ ನಾನೂ ಹೋಗ್ತೀನಿ.”

ಗುಂಪಿನ ಹಿಂದಿನಿಂದ ಅಳಿಯ ಹತ್ತಿರ ಬಂದ. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ತುಟಿ ಅಲುಗದ ಹಾಗೆ ಹೇಳಿದ, “ಅತ್ತೆ, ನಿಮ್ಮ ಮಗಳ ಮುಖ ನೋಡಿ ಒಂದ್ಸಲ.”

ಅತ್ತೆ ನೋಡಿದಳು. ಮಗಳು ಆಗಲೇ ಬಂದು ನಿಂತಿದ್ದಳು, ಕೂಸು ಸೊಂಟದಲ್ಲಿ. ಬೆಡ್‌ಶೀಟಿನ ಮೇಲಿನ ಚೌಕವನ್ನು ನೋಡುತ್ತಿದ್ದಳು. ಅಂಗಡಿಯಲ್ಲಿ ಆ ಉಂಗುರ ಆರಿಸುವಾಗ ತಾಯಿಯ ಪಕ್ಕದಲ್ಲೇ ಕೂತಿದ್ದವಳು ಅವಳು. ಕೂಸನ್ನು ಅತ್ತೆಯ ಹಿಂದೆ ನಿಂತಿದ್ದ ಹುಡುಗಿಯ ಕೈಗೆ ಕೊಟ್ಟಳು, ಗಂಡನ ಎದುರು ಬಂದಳು.

“ಜೇಬಿಂದ ಕೈ ತೆಗೀರಿ,” ಎಂದಳು.