ತುಂಬಿದ ಬುಟ್ಟಿಗೆ ಮೊದಲು ದಾರಿ

ಬಂಡೆಮ್ಮನ ಕೆಲಸ ರಸ್ತೆ ದಾಟುವುದು. ತೆಲುಗು ಸೀಮೆಯ ಉಪ್ಪಲ್ ಆಚೆ, ಡ್ರೈವರ್ ಇಲ್ಲದ ಗಾಡಿಗಳನ್ನು ಪರೀಕ್ಷೆ ಮಾಡಲೆಂದೇ ಬೇಲಿಯೊಳಗೆ ಹಾಕಿದ ರಸ್ತೆ ಅದು. ಸೀಟಿ ಊದಿದರೆ ಅವಳು ನಿಂತ ಲಾರಿಯ ಮರೆಯಿಂದ ಹೊರಬಂದು ಆಚೆ ಬದಿ ಸೇರಬೇಕು. ದಿನಕ್ಕೆ ನಲವತ್ತು ಸಲ. ಮುಂದಿನ ಗಾಡಿಗೆ ಅವಳು ಕಾಣುತ್ತಿದ್ದಳು, ಹಿಂದಿನದಕ್ಕೆ ಕಾಣುತ್ತಿರಲಿಲ್ಲ. ಆದರೂ ಎರಡೂ ಒಟ್ಟಿಗೇ ನಿಲ್ಲುತ್ತಿದ್ದವು. ಗಾಡಿಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ, ಎಲ್ಲಿದ್ದೇನೆ, ಎಷ್ಟು ವೇಗ, ಮುಂದೇನಿದೆ ಎಂದು ಸೆಕೆಂಡಿಗೆ ಹತ್ತು ಸಲ ಹೇಳಿಕೊಳ್ಳುತ್ತವೆ ಎಂದು ಇಂಜಿನಿಯರ್ ಸಂಯುಕ್ತಾ ಮೊದಲ ದಿನವೇ ತೆಲುಗಿನಲ್ಲಿ ತಿಳಿಸಿದ್ದಳು.

ಬಂಡೆಮ್ಮನಿಗೆ ದಿನಕ್ಕೆ ಹತ್ತು ಮಾತಿಗೂ ಜನವಿರಲಿಲ್ಲ. ಗಂಡ ಅಮರಯ್ಯ ತೀರಿಕೊಂಡು ಆರು ವರ್ಷ. ಯಾದಗಿರಿ ಕಡೆಯಿಂದ ಜೊತೆಗೇ ಬಂದು, ಹದಿನೆಂಟು ವರ್ಷ ಕಟ್ಟಡಗಳ ಸಾರವೆ ಮೇಲೆ ಜೊತೆಗೇ ಸಿಮೆಂಟು ಹೊತ್ತ ಸುಗಲಮ್ಮ ಮೊಣಕಾಲು ನೋವೆಂದು ಊರಿಗೆ ಮರಳಿದ್ದಳು. ಅವಳಿದ್ದ ಕುಷಾಯಿಗೂಡದ ಕೋಣೆಯ ಪಕ್ಕದವರು "ಬಾಗುನ್ನಾವಾ?" ಎಂದು ತೆಲುಗಿನಲ್ಲಿ ಕ್ಷೇಮ ಕೇಳುವರು, ಇವಳು ತಲೆಯಾಡಿಸುವಳು. ಅಲ್ಲಿಗೆ ಮುಗಿಯಿತು.

ಒಂದು ಮಧ್ಯಾಹ್ನ ನಾಲ್ಕು ಗಾಡಿಗಳು ನಾಲ್ಕು ದಿಕ್ಕಿನಿಂದ ಒಮ್ಮೆಲೇ ಚೌರಸ್ತಾಕ್ಕೆ ಬಂದು ನಿಂತವು. ಒಂದು ತುಸು ಕದಲಿತು, ಉಳಿದವೂ ಕದಲಿದವು, ಮತ್ತೆ ನಾಲ್ಕೂ ಗಕ್ಕನೆ ನಿಂತವು. ಸುದ್ದಿ ಎಲ್ಲಕ್ಕೂ ಮುಟ್ಟಿತ್ತು. ಯಾರು ಮೊದಲು ಅನ್ನುವುದೇ ಇತ್ಯರ್ಥವಾಗಲೊಲ್ಲದು. ಸಂಯುಕ್ತಾ ಲ್ಯಾಪ್‌ಟಾಪ್ ಹಿಡಿದು ಬಿಸಿಲಲ್ಲಿ ತಾಸುಗಟ್ಟಲೆ ಹೆಣಗಿದಳು.

"ಹೊರೆ ಹೊತ್ತಾಕಿಗೆ ದಾರಿ ಬಿಡಬೇಕವ್ವಾ," ಎಂದು ಬಂಡೆಮ್ಮ ತನ್ನಷ್ಟಕ್ಕೇ ಅಂದುಕೊಂಡಳು. ದನಿ ಮಾತ್ರ ಜೋರಾಗಿತ್ತು.

ಸಂಯುಕ್ತಾ ಥಟ್ಟನೆ ತಿರುಗಿದಳು. "ಏನಂದ್ರಿ? ನೀವು ಕನ್ನಡದವ್ರಾ? ನಮ್ಮಪ್ಪ ಬೀದರದಾಂವ್ರಿ, ನಮ್ಮನ್ಯಾಗೂ ಇದೇ ಮಾತು. ಹೇಳ್ರಿ, ಹೇಳ್ರಿ."

ಬಂಡೆಮ್ಮ ಹತ್ತಿರ ಬಂದಳು. ಸಾರವೆಯ ಹಲಗೆ ಒಬ್ಬರಿಗಷ್ಟೇ ಅಗಲ ಎಂದು ಶುರು ಮಾಡಿದಳು. "ತುಂಬಿದ ಬುಟ್ಟಿ ಮೊದಲು, ಖಾಲಿ ಬುಟ್ಟಿಯಾಕಿ ಬದಿಗೆ ನಿಲ್ಲಬೇಕು. ಇಬ್ಬರದೂ ತುಂಬಿದ್ರ, ಯಾರ ಹಿಂದ ಭಾಳ ಮಂದಿ ನಿಂತಿರ್ತಾರ, ಆ ಕಡೀದು ಮೊದಲು. ಅದೂ ಸಮ ಆತಂದ್ರ, ಮುಂಜಾನಿ ಮೇಸ್ತ್ರಿ ಹೆಸರು ಕೂಗಿದ ಸಾಲು ಇರ್ತೈತಲ್ರಿ, ಅದರಂಗ. ಹಲಗಿ ಮ್ಯಾಲ ವಾದಕ್ಕ ನಿಂತ್ರ ಇಬ್ಬರೂ ಬೀಳ್ತೀವಿ."

ಸಂಯುಕ್ತಾ ಎಲ್ಲವನ್ನೂ ಬರೆದುಕೊಂಡು, ಅದೇ ನಿಯಮವನ್ನು ಗಾಡಿಗಳಿಗೆ ಕಲಿಸಲು ಕೂತಳು. ಎಂಟು ದಿನದ ಮೇಲೆ ಅದೇ ಚೌರಸ್ತಾದಲ್ಲಿ ನಾಲ್ಕೂ ಗಾಡಿಗಳು ಒಂದರ ಹಿಂದೊಂದು ಸಲೀಸಾಗಿ ಸಾಗಿದವು. ಅಂದು ಸಂಜೆ ಬಂಡೆಮ್ಮ ಊರಿಗೆ ಫೋನು ಹಚ್ಚಿದಳು.

"ಸುಗಲೀ, ಗಾಡಿಗೋಳಿಗೆ ನಾ ಬುದ್ಧಿ ಹೇಳಿಕೊಟ್ಟೀನಿ!"

"ಗಾಡಿಗೋಳಿಗೇನ? ಜ್ವರಾ ಬಂದಾವೇನ ನಿನಗ? ಉಂಡು ಮಕ್ಕೋ," ಅಂದಳು ಸುಗಲಮ್ಮ. ಹಿಂದೆ ಮೊಮ್ಮಗಳು ಅಳುತ್ತಿದ್ದಳು. ಫೋನು ಕಟ್ಟಾಯಿತು.

ಮರುದಿನ ಸಂಯುಕ್ತಾಳೊಡನೆ ಆಡಲು ಎಷ್ಟೋ ಮಾತು ಕೂಡಿಟ್ಟುಕೊಂಡು ಹೋದಳು. ಅಮರಯ್ಯನ ಸುದ್ದಿಯೂ ಅದರಲ್ಲಿತ್ತು. ಆದರೆ ದೊಡ್ಡ ಸಾಹೇಬರು ಬಂದಿದ್ದರು. ಸಂಯುಕ್ತಾ ಅವರ ಹಿಂದೆ ಓಡಾಡುತ್ತ, "ಅಮ್ಮಾ, ಪಕ್ಕಕಿ ಜರಗಂಡಿ" ಎಂದು ತೆಲುಗಿನಲ್ಲಿ ಅಂದಳು. ಬಂಡೆಮ್ಮ ಸರಿದು ನಿಂತಳು. ಆಮೇಲೂ ಸಂಯುಕ್ತಾಳಿಗೆ ಪುರುಸೊತ್ತು ಆಗಲೇ ಇಲ್ಲ.

ಮುಂದಿನ ತಿಂಗಳು ರಸ್ತೆ ದಾಟಲು ಗಾಲಿಯ ಮೇಲೆ ಉರುಳುವ ರಬ್ಬರ್ ಗೊಂಬೆ ಬಂತು. ಬಂಡೆಮ್ಮನ ಕೈಗೆ ಪೊರಕೆ ಕೊಟ್ಟರು. ಬೆಳಗಿನ ಹೊತ್ತು ಎಲೆ ಗುಡಿಸುವಾಗ ಮೊದಲ ಗಾಡಿ ಅವಳನ್ನು ನೋಡಿ ಉಳಿದವಕ್ಕೆ ಹೇಳುತ್ತಿತ್ತು. ಎಲ್ಲವೂ ಅವಳಿಂದ ಇಪ್ಪತ್ತು ಮಾರು ದೂರದಲ್ಲೇ ನಿಂತು, ಅವಳು ಸರಿಯುವ ತನಕ ಕಾಯುತ್ತಿದ್ದವು.