ಅಪ್ಪನ ಬಿಲ್ಲು ಹಗುರಾದ ವರ್ಷ

ಜೇನುಮೇಣದ ವಾಸನೆ ಇಷ್ಟು ವರ್ಷ ದಾಟಿ ಬರಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಡಾಲಸ್ಸಿನ ಉತ್ತರಕ್ಕೆ, ಪ್ರಾಸ್ಪರಿನ ಈ ಹೊಸ ಬಡಾವಣೆಯಲ್ಲಿ, ಎಲ್ಲ ಮನೆಗಳೂ ಒಬ್ಬನೇ ದರ್ಜಿ ಹೊಲಿದ ಯೂನಿಫಾರ್ಮ್ ತೊಟ್ಟು ನಿಂತಿರುವ ಬೀದಿಯಲ್ಲಿ, ಮೊನ್ನೆ ಆಗಸ್ಟಿನ ಒಂದು ಸಂಜೆ ಕಸದ ಡಬ್ಬಿ ಎಳೆದುಕೊಂಡು ಹೊರಟಿದ್ದೆ. ಎದುರುಮನೆಯವನು ಗ್ಯಾರೇಜಿನ ಬಾಗಿಲು ಎತ್ತಿಟ್ಟು, ತೊಡೆಯ ಮೇಲೆ ಬೇಟೆಯ ಬಿಲ್ಲನ್ನು ಅಡ್ಡ ಮಲಗಿಸಿಕೊಂಡು, ಅದರ ಹೆದೆಗೆ ಮೇಣ ತಿಕ್ಕುತ್ತಿದ್ದ. ಸೆಕೆಗೆ ಮೆತ್ತಗಾದ ಮೇಣದ, ಅರ್ಧ ಸಿಹಿ ಅರ್ಧ ಧೂಳಿನ ಆ ವಾಸನೆ ಬೀದಿ ದಾಟಿ ಬಂದು ನನ್ನ ಕಾಲರ್ ಹಿಡಿದು ನಿಲ್ಲಿಸಿತು. ಸೀಸನ್ ಬಂದೇಬಿಟ್ಟಿತಲ್ಲ ಎಂದು ಅವನು ನಕ್ಕ. ಹೌದಲ್ಲ ಎಂದು ಅವನದೇ ರಾಗದಲ್ಲಿ ನಾನೂ ನಕ್ಕೆ. ಒಳಗೆ ಬಂದು ಬಚ್ಚಲಿನ ನಲ್ಲಿ ಬಿಟ್ಟುಕೊಂಡು, ಇಪ್ಪತ್ತೇಳು ವರ್ಷದ ಕತ್ತೆ, ಟವೆಲ್ಲಿನಲ್ಲಿ ಮುಖ ಹುದುಗಿಸಿ ಅತ್ತೆ. ನಿಮ್ಮ ಬಾಲ್ಯದ ಮನೆಗೂ ಅಂಥದ್ದೊಂದು ವಾಸನೆ ಇದ್ದೀತು. ಅದು ಯಾವ ಬೀದಿಯಲ್ಲಿ ನಿಮಗಾಗಿ ಕಾದು ಕೂತಿದೆಯೋ ನಾನರಿಯೆ.

ನಮ್ಮ ಮನೆ ಆಗ ಆಸ್ಟಿನ್ನಿನ ಉತ್ತರಕ್ಕೆ, ಜಾರ್ಜ್‌ಟೌನಿನಲ್ಲಿತ್ತು. ಎರಡು ಸಾವಿರದ ಮೊದಲ ದಶಕ ಮುಗಿಯುತ್ತಾ ಬಂದಿತ್ತು, ನನಗೆ ಹನ್ನೊಂದು. ಅಪ್ಪ ಮೈಸೂರಿನವನು, ಚಿಪ್ ಮಾಡುವ ಕಂಪನಿಯಲ್ಲಿ ಇಂಜಿನಿಯರು, ದಿನಕ್ಕೆ ಇಪ್ಪತ್ತು ಮಾತಾಡಿದರೆ ಹೆಚ್ಚು. ಅಮ್ಮನೂ ಮೈಸೂರಿನವಳೇ, ಆದರೆ ಆ ಇಪ್ಪತ್ತು ಮಾತನ್ನು ಕಾಫಿ ಸೋಸುವಷ್ಟರಲ್ಲಿ ಮುಗಿಸುತ್ತಿದ್ದಳು. ಇಬ್ಬರ ನಡುವೆ ಹುಟ್ಟಿದ ನಾನು ಊರಿನ ಮಾತನ್ನೆಲ್ಲ ಕದ್ದು ಬದುಕುತ್ತಿದ್ದೆ. ಸೀನು ತಡೆದುಕೊಂಡು ಮಂತ್ರ ಹೇಳುವ ಪುರೋಹಿತರು, ಫೋನಿನಲ್ಲಿ ಬೆಂಗಳೂರಿಗೆ ನೇರವಾಗಿ ಕೇಳಲೆಂಬಂತೆ ಕಿರುಚುವ ಆಂಟಿ, ಈಜುಕೊಳದಲ್ಲಿ ಹೊಟ್ಟೆ ಒಳಗೆಳೆದು ಉಸಿರುಗಟ್ಟಿ ನಡೆಯುವ ನಾನೇ, ಯಾರನ್ನೂ ಅಣಕಿಸದೆ ಬಿಡುತ್ತಿರಲಿಲ್ಲ. ನನ್ನ ಓರಗೆಯ ಮಕ್ಕಳು ಕನ್ನಡದಲ್ಲಿ ಬೈಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ನಾನೊಬ್ಬ ಕನ್ನಡ ಕಲಿತೆ. ಭಾಷಾಭಿಮಾನದಿಂದಲ್ಲ, ಗೇಲಿ ಮಾಡಲಿಕ್ಕೆ. ದೊಡ್ಡವರು ಸೇರಿದಲ್ಲೆಲ್ಲ "ಏ, ಒಂದು ಐಟಂ ಮಾಡೋ" ಎನ್ನುತ್ತಿದ್ದರು. ನಾನು ಸೋಫಾದ ಮುಂದೆ ನಿಂತು ಮಾಡುತ್ತಿದ್ದೆ.

ಅಪ್ಪನಿಗೆ ಬಿಲ್ಲಿನ ಹುಚ್ಚು ಹಿಡಿಸಿದವನು ಪಕ್ಕದ ಮನೆಯ ವೇಯ್ನ್. ಟೇಲರ್ ಎಂಬ ಊರಿನಾಚೆ ಅವನ ತಾತನ ಕಾಲದ ಓಕ್ ಮರಗಳ ಜಮೀನಿತ್ತು, ಒಂದು ತೊರೆಯಿತ್ತು, ಜಿಂಕೆಗಳಿದ್ದವು. ಬಂದೂಕಿನವರ ಸರದಿ ನವೆಂಬರಿನಲ್ಲಿ, ಬಿಲ್ಲಿನವರದು ಅದಕ್ಕೂ ಒಂದು ತಿಂಗಳು ಮೊದಲು. ಅಪ್ಪ ಮೂರು ವರ್ಷ ಹೋಗಿ ಮೂರು ವರ್ಷವೂ ಬರಿಗೈಯಲ್ಲಿ ಬಂದಿದ್ದ. "ನಿಮ್ಮ ಜಿಂಕೆ ಈ ವರ್ಷಾನೂ ರಜಾ ಹಾಕ್ತಾ?" ಎಂದು ಅಮ್ಮ ಕೇಳುವಳು, ಅಪ್ಪ ಬೂಟು ಬಿಚ್ಚುತ್ತಾ ನಗುವನು. ನಾಲ್ಕನೆಯ ವರ್ಷ ಅವನು ತಾನಾಗಿ ನನ್ನನ್ನು ಕರೆದ. "ಈ ಸಲ ನನ್ನ ಜೊತೆ ನೀನು ಬಾ. ನನ್ನ ಮೊದಲನೇ ಜಿಂಕೆ ನೀನು ನೋಡ್ಬೇಕು. ಆದ್ರೆ ಒಂದು ಗಂಟೆ ಬಾಯಿ ಮುಚ್ಕೊಂಡಿರೋಕೆ ಆಗುತ್ತಾ?" ಆಗುತ್ತದೆಂದು ನಾನು ಆಣೆ ಮಾಡಿದ್ದೂ ಸೇರಿ ಹತ್ತು ನಿಮಿಷ ಮಾತಾಡಿದೆ. ಅಪ್ಪ ನಿಟ್ಟುಸಿರು ಬಿಟ್ಟ.

ಆ ಬೇಸಿಗೆಯಷ್ಟು ಉದ್ದದ ಬೇಸಿಗೆಯನ್ನು ನಾನು ಮತ್ತೆ ಕಂಡಿಲ್ಲ. ಅಪ್ಪ ಆಫೀಸಿನಿಂದ ಬಂದವನೇ ಗ್ಯಾರೇಜಿಗೆ ಇಳಿಯುವನು. ಒಂದೊಂದೇ ಬಾಣವನ್ನು ಬೆಳಕಿಗೆ ಹಿಡಿದು ಹೊರಳಿಸಿ, ಕೂದಲೆಳೆಯ ಬಿರುಕು ಕಂಡರೂ ಪಕ್ಕಕ್ಕಿಡುವನು. ಹಿತ್ತಲಲ್ಲಿ ಹುಲ್ಲಿನ ಮೂಟೆಗೆ ಕಾಗದದ ಬಟ್ಟಲು ಚುಚ್ಚಿ ಹತ್ತು ಹೆಜ್ಜೆಯಿಂದ, ಇಪ್ಪತ್ತರಿಂದ, ಮೂವತ್ತರಿಂದ ಬಿಡುವನು. ಬೇಲಿಯಾಚೆಯಿಂದ ವೇಯ್ನ್ "ಬ್ರೀದ್, ಬಡೀ, ಬ್ರೀದ್" ಎಂದು ತಂಬಾಕು ಅಗಿಯುತ್ತಾ ಹೇಳಿದರೆ, ನಾನು ಅದೇ ಜಗಿತದ ಸಮೇತ ಈಚೆಯಿಂದ ಹೇಳುವೆ, ಅಪ್ಪನ ಬಾಣ ಬೇಲಿಗೆ ಹೋಗುವುದು. ಕತ್ತಲಾಗುವ ಮುಂಚೆ ನನ್ನ ಅಭ್ಯಾಸ. ಹಿತ್ತಲಲ್ಲಿ ಹಸಿರು ಬಟ್ಟೆಯ ಗುಡಾರ ಹಾಕಿ, ಎರಡು ಮಡಚುವ ಸ್ಟೂಲಿಟ್ಟು, ಅಪ್ಪನ ಪಕ್ಕದಲ್ಲಿ ಕದಲದೆ ಕೂರುವುದು. ಸೊಳ್ಳೆ ಕಚ್ಚಿದರೂ ಕೆರೆಯಬಾರದು. ಮೊದಲ ದಿನ ನಾಲ್ಕು ನಿಮಿಷ ಕೂತೆ. ಜುಲೈ ಮುಗಿಯುವ ಹೊತ್ತಿಗೆ ಇಪ್ಪತ್ತು. ಬಾಯಿಗೆ ಕೆಲಸವಿಲ್ಲದ ಆ ಹೊತ್ತಿನಲ್ಲಿ ನನಗೆ ನೋಡಲು ಇದ್ದದ್ದು ಅಪ್ಪ ಒಬ್ಬನೇ. ಅವನ ಕಿವಿಯ ಮೇಲಿನ ಎರಡು ಬಿಳಿ ಕೂದಲು, ಮೂಗಿನಿಂದ ಉಸಿರು ಬಿಡುವಾಗಿನ ಸಣ್ಣ ಸಿಳ್ಳೆ, ಬಿಲ್ಲು ಹಿಡಿದ ತೋಳು, ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡೆ. ಯಾರನ್ನಾದರೂ ಅಷ್ಟು ಹೊತ್ತು ನೋಡುವ ಭಾಗ್ಯ ನನಗೆ ಆಮೇಲೆ ಸಿಗಲಿಲ್ಲ.

ಕೊನೆಯ ಮೂರು ವಾರ ವಾಸನೆಯ ಜೊತೆ ಯುದ್ಧ. ಜಿಂಕೆಗೆ ಕಣ್ಣಿಗಿಂತ ಮೂಗು ಚುರುಕು. ಅಪ್ಪ ಬೇಟೆಯ ಬಟ್ಟೆಗಳನ್ನು ವಾಸನೆಯಿಲ್ಲದ ಸೋಪಿನಲ್ಲಿ ತಾನೇ ಒಗೆದು, ಮರಕ್ಕೆ ಕಟ್ಟಿ ಒಣಗಿಸಿ, ಓಕ್ ಎಲೆ ಹರಡಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ. ಅಡಿಗೆಮನೆಗೆ ಬಂದು, ಸೀಸನ್ ಶುರುವಾಗುವವರೆಗೆ ಇಂಗಿನ ಒಗ್ಗರಣೆ ಬೇಡವೆಂದು ಮೆಲ್ಲಗೆ ಹೇಳಿದ. "ಹಾಗಾದ್ರೆ ಆ ಜಿಂಕೆ ಮನೇಲೇ ಊಟ ಮಾಡ್ಕೊಂಡು ಬನ್ನಿ" ಎಂದು ಅಮ್ಮ ಒಗ್ಗರಣೆ ಸೌಟನ್ನು ಕಾವಲಿಯ ಮೇಲೆ ಕುಕ್ಕಿದಳು. ಶನಿವಾರ ಮಾಂಸ ತಿನ್ನದ ಮನೆ ನಮ್ಮದು, ಸೀಸನ್ ಶುರುವಾಗುವುದೋ ಶನಿವಾರವೇ. ಅವತ್ತು ಹೊಡೆದದ್ದನ್ನು ಮರುದಿನ ತಿನ್ನಬಹುದೋ ಇಲ್ಲವೋ ಎಂದು ಮೈಸೂರಿನ ಅಜ್ಜಿಗೆ ಫೋನ್ ಹೋಯಿತು. ಮೊದಲು ಹೊಡೆಯಲಿ ಅನ್ನು ಎಂದು ಅಜ್ಜಿ ಇಟ್ಟುಬಿಟ್ಟರು.

ಆ ನಗುವಿನ ನಡುವೆ ಇನ್ನೊಂದು ನಡೆಯುತ್ತಿತ್ತು. ಅದನ್ನು ಕಂಡವನು ನಾನೊಬ್ಬನೇ. ಬಿಲ್ಲಿನ ಹಿಡಿಯ ಮೇಲೊಂದು ಕೆಳಗೊಂದು ತಿರುಪುಗಳಿದ್ದವು. ಅವನ್ನು ಸಡಿಲಿಸಿದರೆ ಹೆದೆ ಎಳೆಯಲು ಹಗುರ. ಜೂನಿನಲ್ಲಿ ಅರವತ್ತು ಪೌಂಡಿಗಿದ್ದ ಬಿಲ್ಲನ್ನು ಅಪ್ಪ ಜುಲೈಯಲ್ಲಿ ಐವತ್ತೈದಕ್ಕೆ ಇಳಿಸಿದ, ಆಗಸ್ಟಿನಲ್ಲಿ ಐವತ್ತಕ್ಕೆ, ಆಮೇಲೆ ನಲವತ್ತೈದಕ್ಕೆ. ಭುಜ ಹಿಡಿದುಕೊಂಡಿದೆ ಎನ್ನುತ್ತಿದ್ದ. "ಅಪ್ಪ, ಇನ್ನೆರಡು ಸುತ್ತು ತಿರುಗ್ಸು, ಅದರಲ್ಲಿ ವೀಣೆ ನುಡಿಸ್ಬಹುದು" ಎಂದೆ ನಾನು. ಅಪ್ಪ ನಕ್ಕ. ತಿರುಪಿನ ಕೀಲಿ ಕೈಯಿಂದ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಅವನಿಗೆ ಮೂರು ಸಲ ಬೇಕಾಯಿತು. ನಾನು ಅದನ್ನೂ ನೋಡಿ ಇಟ್ಟುಕೊಂಡೆ, ಒಳ್ಳೆಯ ಐಟಂ ಆಗುತ್ತದೆ ಎಂದು.

ಸೀಸನ್ನಿಗೆ ಆರು ದಿನವಿರುವಾಗ ಆಯುಧಪೂಜೆ ಬಂತು, ಭಾನುವಾರ. ಅಮ್ಮ ಗೊಂಬೆ ಕೂರಿಸಿದ್ದರಿಂದ ಮನೆ ತುಂಬ ಜನ. ಹ್ಯೂಸ್ಟನ್ನಿನಿಂದ ಅಪ್ಪನ ಹಳೆಯ ಗೆಳೆಯರೊಬ್ಬರೂ ಬಂದಿದ್ದರು, ಧಾರವಾಡದ ಕಡೆಯವರು, ನರಗಳ ಡಾಕ್ಟರು. ನನಗೆ ಅವರು ಹ್ಯೂಸ್ಟನ್ ಅಂಕಲ್. ಕಾರು, ಲ್ಯಾಪ್‌ಟಾಪು, ಮಿಕ್ಸಿ ಎಲ್ಲದರ ಪೂಜೆ ಮುಗಿಸಿದ ಅಮ್ಮ, ಮನೆಯಲ್ಲಿ ನಿಜವಾದ ಆಯುಧ ಒಂದೇ ಇದೆಯೆಂದು ನೆನಪಾಗಿ ಗ್ಯಾರೇಜಿಗೆ ಹೋದಳು. ನಾವು ಹೋಗಿ ನೋಡುವಷ್ಟರಲ್ಲಿ ಬಿಲ್ಲಿಗೆ ಗಂಧ, ಅರಿಶಿನ, ಕುಂಕುಮ, ಹೆದೆಗೆ ಸೇವಂತಿಗೆ, ಬಟ್ಟೆಯ ಪೆಟ್ಟಿಗೆಯ ಮುಚ್ಚಳ ತೆಗೆದು ಅದಕ್ಕೂ ಧಾರಾಳವಾಗಿ ಸಾಂಬ್ರಾಣಿಯ ಹೊಗೆ. ಮೂರು ವಾರದ ತಪಸ್ಸು ಹೊಗೆಯಾಗಿ ಸೂರಿಗೇರುತ್ತಿತ್ತು. ಅಪ್ಪ ಬಾಗಿಲಲ್ಲಿ ನಿಂತು ನೋಡಿದ. "ಮುಗೀತು. ಇನ್ನು ಆ ಜಿಂಕೆ ಬಂದ್ರೆ ಮಂಗಳಾರತಿ ತಗೊಳ್ಳೋಕೇ ಬರ್ಬೇಕು" ಎಂದ. ಅವನು ಜೋಕು ಮಾಡಿದ್ದು ಅಪರೂಪ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಹೊಟ್ಟೆಯುರಿಯಿತು. ನಗಿಸುವವನು ನಾನಲ್ಲವೇ?

ಊಟವಾದ ಮೇಲೆ ಐಟಂ ಕೇಳಿದರು. ಅಪ್ಪ ಹಿತ್ತಲಲ್ಲಿ ಮಕ್ಕಳಿಗೆ ಜೋಳದ ತೆನೆ ಸುಡುತ್ತಿದ್ದ. ನಾನು ಸೋಫಾದ ಮುಂದೆ ನಿಂತು, "ಬಿಲ್ಲುಗಾರ" ಎಂದು ಘೋಷಿಸಿ, ಅಪ್ಪನಾದೆ. ಎಡಗೈ ಚಾಚಿ ನಡುಗಿಸಿದೆ. ಬಲಗೈಯ ತೋರುಬೆರಳು ಮಡಚಲಾರದೆ ನಡುಬೆರಳಿನಿಂದ ಹೆದೆ ಬಿಡುವ ಗುಂಡಿ ಒತ್ತಿದೆ. ಬಾಣ ಬಿಟ್ಟವನೇ ಅದನ್ನು ಕೀಳಲು ನಡೆದೆ, ಬಲಗಾಲನ್ನು ಕೋಳಿಯ ಹಾಗೆ ಎತ್ತಿ ಅಂಗಾಲನ್ನು ನೆಲಕ್ಕೆ ಚಪ್ ಚಪ್ ಎಂದು ಬಡಿಯುತ್ತಾ. ಕೀಲಿ ಬೀಳಿಸಿ ಮೂರು ಸಲ ಬಗ್ಗಿದೆ. ಮನೆ ಕುಣಿದುಹೋಯಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಮ್ಮ. ಆ ನಗುವಿಗಾಗಿ ಅವಳು ಇಂದಿಗೂ ತನ್ನನ್ನು ಕ್ಷಮಿಸಿಕೊಂಡಿಲ್ಲ. ಹ್ಯೂಸ್ಟನ್ ಅಂಕಲ್ ಒಬ್ಬರು ನಗಲಿಲ್ಲ. ಮುಂದಕ್ಕೆ ಸರಿದು ಕೂತು, "ಇನ್ನೊಮ್ಮೆ ಮಾಡಿ ತೋರಸು" ಎಂದರು. ನಾನು ಉಬ್ಬಿಹೋದೆ. ಇನ್ನೊಮ್ಮೆ ಮಾಡಿದೆ. "ಕಾಲು ಹಂಗ ಬಡೀತಾನೇನು? ನೀ ಮಸಾಲಿ ಹಾಕಿ ಹೇಳಾಕತ್ತಿಲ್ಲ?"

"ಇಲ್ಲ ಅಂಕಲ್, ದೇವರಾಣೆ. ಬೇಕಾದ್ರೆ ಚಪ್ಪಲಿ ನೋಡಿ, ಬಲಗಡೆದು ಮುಂದೆ ಸವೆದಿದೆ."

"ಮತ್ತ ಏನೇನು ನೋಡೀದಿ, ಹೇಳು."

"ಇನ್ನೊಂದಿದೆ, ಆದ್ರೆ ಅದು ನಂಗೆ ಮಾಡೋಕೆ ಬರಲ್ಲ. ಸುಮ್ನೆ ಕೂತಾಗ ತೋಳಿನ ಚರ್ಮದ ಕೆಳಗೆ ಪುಟ್ಟ ಪುಟ್ಟ ಮೀನು ಓಡಾಡಿದ ಹಾಗೆ ಆಗುತ್ತೆ. ಅವರಿಗೇ ಗೊತ್ತಾಗಲ್ಲ."

ಅವರು ಎದ್ದು ನನ್ನ ತಲೆಯ ಮೇಲೆ ಕೈಯಿಟ್ಟರು. ಆ ಕೈ ಬಹಳ ಹೊತ್ತು ಅಲ್ಲಿಂದ ಏಳಲಿಲ್ಲ. ನಗು ಒಂದೊಂದು ಸೋಫಾದಲ್ಲಿ ಒಂದೊಂದಾಗಿ ಆರಿತು. ಆಮೇಲೆ ಅವರು ಹಿತ್ತಲಿಗೆ ಹೋಗಿ, ಅಪ್ಪನ ಕೈಯಿಂದ ಇಕ್ಕಳ ತೆಗೆದಿಟ್ಟು, ಅವನ ಹೆಬ್ಬೆರಳಿನ ಬುಡವನ್ನು ಒತ್ತಿ ಒತ್ತಿ ನೋಡುತ್ತಿದ್ದುದು ಗಾಜಿನ ಬಾಗಿಲಿನಿಂದ ಕಂಡಿತು. ಜೋಳದ ತೆನೆಗಳು ಸೀದುಹೋದವು.

ಹ್ಯೂಸ್ಟನ್ನಿಗೆ ನಾಳೆಯೇ ಬಾ ಎಂದರು ಅವರು. ಶನಿವಾರ ಕಳೆಯಲಿ ಎಂದ ಅಪ್ಪ. ಅಮ್ಮ ಅತ್ತಳು, ಬೈದಳು, ಬಿಲ್ಲನ್ನು ಮುರಿದು ಒಲೆಗಿಡುತ್ತೇನೆ ಎಂದಳು. ನಮ್ಮದು ಕರೆಂಟಿನ ಒಲೆ. ಅಪ್ಪ ಹಟ ಹಿಡಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಶನಿವಾರ ಬೆಳಗು ಹರಿಯುವಾಗ ಟೇಲರಿನಾಚೆ, ತೊರೆಯ ಅಂಚಿನ ಗುಡಾರದೊಳಗೆ, ಸಾಂಬ್ರಾಣಿ ಘಮಘಮಿಸುತ್ತಾ ನಾವಿಬ್ಬರೂ ಕೂತೆವು. ನಾನು ಬಾಯಿ ತೆರೆಯಲಿಲ್ಲ. ಆರು ದಿನದಿಂದ ತೆರೆದಿರಲಿಲ್ಲ. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತೆಂದು ಕಾಣುತ್ತದೆ, ಸೂರ್ಯ ಓಕ್ ಮರಗಳ ನಡುಮಟ್ಟಕ್ಕೆ ಏರಿದಾಗ ಜಿಂಕೆ ಬಂತು. ಎಳೆಯ ಕೊಂಬಿನ ಗಂಡು. ಹದಿನೈದು ಹೆಜ್ಜೆ ದೂರದಲ್ಲಿ ಮೈ ಅಡ್ಡಮಾಡಿ ನಿಂತು ಓಕ್ ಕಾಯಿ ಅಗಿಯತೊಡಗಿತು. ಅಪ್ಪ ಬಿಲ್ಲೆತ್ತಿದ. ಹೆದೆ ಅರ್ಧಕ್ಕೆ ಬಂತು, ನಿಂತಿತು, ಹಿಂದಕ್ಕೆ ಹೋಯಿತು. ಉಸಿರು ಬಿಟ್ಟು ಮತ್ತೆ ಎಳೆದ. ಮೂರನೆಯ ಸಲ ಹೆದೆ ಗೇಣಷ್ಟೂ ಬರಲಿಲ್ಲ. ಅವನು ಬಿಲ್ಲನ್ನು ತೊಡೆಯ ಮೇಲೆ ಮಲಗಿಸಿ, ಜಿಂಕೆ ತಿಂದು ಮುಗಿಸಿ ತನ್ನ ಪಾಡಿಗೆ ತಾನು ಹೋಗುವವರೆಗೂ ನೋಡಿದ. ಅದರ ಕಿವಿಯ ಒಳಗಿನ ಬೆಳ್ಳಗಿನ ಕೂದಲು ಸಹ ಕಾಣುತ್ತಿತ್ತು.

"ಅವತ್ತು ಎಲ್ಲರಿಗೂ ಮಾಡಿ ತೋರಿಸಿದ್ಯಂತಲ್ಲ," ಎಂದ ಆಮೇಲೆ, "ನನಗೂ ತೋರ್ಸು."

"ಬೇಡಪ್ಪ."

"ತೋರ್ಸೋ. ನಾನು ಹೇಗೆ ಕಾಣ್ತೀನಿ ಅಂತ ನನಗೂ ಗೊತ್ತಾಗ್ಬೇಕಲ್ಲ."

ಗುಡಾರದಾಚೆ, ಜಿಂಕೆ ನಿಂತಿದ್ದ ಹುಲ್ಲಿನ ಮೇಲೆ, ನಾನು ಅಪ್ಪನಾಗಿ ನಡೆದೆ. ಕಾಲು ಬಡಿದೆ, ಇಲ್ಲದ ಕೀಲಿಗೆ ಮೂರು ಸಲ ಬಗ್ಗಿದೆ. ಅವನು ಕನ್ನಡಿ ನೋಡುವವನ ಹಾಗೆ ಕೊನೆಯವರೆಗೂ ನೋಡಿದ. "ಚೆನ್ನಾಗಿ ಮಾಡ್ತೀಯ ಕಣೋ," ಎಂದ, "ಸ್ವಲ್ಪಾನೂ ಸುಳ್ಳಿಲ್ಲ."

ಕಾಯಿಲೆಗೆ ಮೂರು ಇಂಗ್ಲಿಷ್ ಅಕ್ಷರಗಳ ಹೆಸರಿತ್ತು. ನರಗಳು ಒಂದೊಂದಾಗಿ ಸ್ನಾಯುಗಳ ಕೈಬಿಡುತ್ತವೆ, ಔಷಧಿಯಿಲ್ಲ. ಮರುವರ್ಷ ಕೈಕಾಲು ಹೋದವು, ಅದರ ಮರುವರ್ಷ ನಾಲಗೆ ತೊಡರತೊಡಗಿತು. ಅಪ್ಪನ ಮಾತು ಯಾರಿಗೂ ತಿಳಿಯದಾದಾಗ ನನಗೆ ತಿಳಿಯುತ್ತಿತ್ತು. ಆ ತುಟಿಗಳನ್ನು ನಾನು ಬಾಯಿಪಾಠ ಮಾಡಿದ್ದೆನಲ್ಲ. ಸ್ಕೂಲಿನಿಂದ ಬಂದು ಮಂಚದ ಪಕ್ಕ ಕೂತು, ಅವನು ಉಸುರಿದ್ದನ್ನು ಅವನದೇ ಹಳೆಯ ದನಿಯಲ್ಲಿ ಅಮ್ಮನಿಗೆ ಹೇಳುತ್ತಿದ್ದೆ. ನೀರು ಬೇಕು. ಕಿಟಕಿ ಪರದೆ ಸರಿಸು. ನಿನ್ನ ಸೀರೆ ಚೆನ್ನಾಗಿದೆ. ಅಮ್ಮ ನನ್ನ ಮುಖ ನೋಡದೆ, ಅವನನ್ನೇ ನೋಡುತ್ತಾ ಕೇಳುವಳು, ಅವನಿಗೇ ಉತ್ತರ ಕೊಡುವಳು. ಮನೆಯಲ್ಲಿ ಎಷ್ಟೋ ತಿಂಗಳು ಅಪ್ಪನ ದನಿ ಹಾಗೆ ಉಳಿದಿತ್ತು.

ಕಾಯಿಲೆ ತಿಳಿದ ಮೇಲಿನ ನಾಲ್ಕನೆಯ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅಪ್ಪ ಕಣ್ಣು ತೆರೆದು ಏನೋ ಅಂದ. ಸಣ್ಣ ವಾಕ್ಯ, ನಾಲ್ಕೈದು ಶಬ್ದವಿರಬೇಕು. ನಾನು ಬಗ್ಗಿದೆ. ಮತ್ತೆ ಅಂದ. ನನಗೆ ತಿಳಿಯಲಿಲ್ಲ. ಅದೇ ಮೊದಲ ಸಲ. ತುಟಿಗಳು ಯಾವ ಆಕಾರಕ್ಕೂ ಬರುತ್ತಿರಲಿಲ್ಲ, ಕಣ್ಣು ಮಾತ್ರ ನನ್ನನ್ನೇ ನೆಚ್ಚಿಕೊಂಡಿತ್ತು. ಅಮ್ಮ ಅವನ ಪಾದ ಹಿಡಿದುಕೊಂಡು ಕೇಳಿದಳು, "ಏನಂದ್ರೋ? ಏನಂತಾರೆ?" ನಾನು ಗಂಟಲು ಸರಿಮಾಡಿಕೊಂಡು ಅಪ್ಪನ ದನಿಯಲ್ಲಿ ಹೇಳಿದೆ: "ನಿಂದು ಊಟ ಆಯ್ತಾ?"

"ಆಯ್ತು ಕಣ್ರೀ," ಎಂದಳು ಅಮ್ಮ. ಆಗಿರಲಿಲ್ಲ. ಅಪ್ಪ ನನ್ನನ್ನು ಇನ್ನೂ ಸ್ವಲ್ಪ ಹೊತ್ತು ನೋಡಿ ಕಣ್ಣು ಮುಚ್ಚಿದ. ಸಂಜೆಗೆ ಹೋಗಿಬಿಟ್ಟ.

ಜಾರ್ಜ್‌ಟೌನಿನ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ, ಅಮ್ಮ ಇಲ್ಲಿ ನನ್ನ ಜೊತೆಗಿದ್ದಾಳೆ. ಮನೆಗೆ ಯಾರು ಬಂದರೂ, ಮಾತು ಅಪ್ಪನ ಕಡೆ ಹೊರಳಿದರೆ, ಅವಳು ಸೆರಗಿನಿಂದ ಕಣ್ಣೊತ್ತಿಕೊಂಡು ಹೇಳುತ್ತಾಳೆ: "ಕೊನೇ ಉಸಿರಿನಲ್ಲೂ ನನ್ನ ಊಟದ್ದೇ ಯೋಚನೆ ಅವರಿಗೆ." ಬಂದವರು ನನ್ನ ಕಡೆ ನೋಡುತ್ತಾರೆ. ನಾನು ಹೌದೆಂದು ತಲೆಯಾಡಿಸುತ್ತೇನೆ.